ಲಕ್ವಾ ಅಂದರೆ ಯಾವ ಲಕ್ವಾ? ದೇಶದ ಆರೋಗ್ಯ ದಾಖಲೆಗಳು ಒಂದೇ ಭಾಷೆಗೆ ಬರುವ ಕಥೆ



ವಾರವಾರವೂ ನಿಮ್ಮ ಜೊತೆ ಮಾತಾಡುವ ನಾನು ಮಾತನ್ನೇ ನಂಬಿ ಬದುಕುವವಳು. ಇಂಗ್ಲಿಷಿನಲ್ಲಿ ಬಂದದ್ದನ್ನು ಗಡಿಯಾರ ನೋಡುತ್ತಾ ಕನ್ನಡಕ್ಕೆ ತಂದು ಓದುವುದು ನನ್ನ ದಿನನಿತ್ಯದ ಕೆಲಸ. ಹಾಗಾಗಿ ಅನುವಾದದಲ್ಲಿ ನಾನೇ ಎಡವಿದ ಒಂದು ಪ್ರಸಂಗದಿಂದ ಈ ಬಾರಿಯ ಮಾತು ಶುರು ಮಾಡುತ್ತೇನೆ.

ಕಳೆದ ವರ್ಷ ಗದಗಿನ ಕಡೆಯಿಂದ ನಮ್ಮ ಕಾಕಾ ಹರ್ನಿಯಾ ಆಪರೇಷನ್ನಿಗೆಂದು ಮುಂಬಯಿಗೆ ಬಂದಿದ್ದರು. ಆಸ್ಪತ್ರೆಯ ಕೌಂಟರಿನಲ್ಲಿದ್ದ ಹುಡುಗಿ, ಮೊದಲು ಏನಾದರೂ ದೊಡ್ಡ ಕಾಯಿಲೆ ಆಗಿತ್ತೇ ಎಂದು ಹಿಂದಿಯಲ್ಲಿ ಕೇಳಿದಳು. ನಾನು ಕಾಕಾಗೆ ಕೇಳಿದೆ. "ಹನ್ನೆರಡ ವರ್ಷದ ಹಿಂದ ಲಕ್ವಾ ಹೊಡದಿತ್ತವಾ" ಅಂದರು. ನಾನು ಹಿಂದುಮುಂದು ನೋಡದೆ "ಪ್ಯಾರಾಲಿಸಿಸ್" ಎಂದು ಹೇಳಿಬಿಟ್ಟೆ. ಹುಡುಗಿ ಕಂಪ್ಯೂಟರಿನ ಪಟ್ಟಿಯಲ್ಲಿ ಹುಡುಕಿ "ಸ್ಟ್ರೋಕ್" ಎಂಬ ಸಾಲನ್ನು ಒತ್ತಿದಳು. ಅಲ್ಲಿಗೆ ಮುಗಿಯಿತು.

ಮುಗಿಯಲಿಲ್ಲ ಅನ್ನಿ! ಮರುದಿನ ಅರಿವಳಿಕೆ ಕೊಡುವ ಡಾಕ್ಟರು ಆ ಸಾಲು ನೋಡಿ ತಡೆದರು. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಾರೆಯೇ, ಹೃದಯದ ಪರೀಕ್ಷೆ ಆಗಿದೆಯೇ, ಕತ್ತಿನ ರಕ್ತನಾಳ ನೋಡಿದ್ದಾರೆಯೇ ಎಂದೆಲ್ಲ ಪ್ರಶ್ನೆಗಳು. ಆಪರೇಷನ್ ನಾಲ್ಕು ದಿನ ಮುಂದಕ್ಕೆ ಹೋಯಿತು. ಕಾಕಾ ಮಂಚದ ಮೇಲೆ ಕೂತು, "ಅಲ್ಲವಾ, ನನಗ ಬರೇ ಮಾರಿ ಒಂದ ಕಡೆ ಸೊಟ್ಟ ಆಗಿತ್ತು. ಎರಡ ತಿಂಗಳದಾಗ ನೆಟ್ಟಗಾತು. ಇವ್ರು ಯಾಕ ಇಷ್ಟ ಅಂಜತಾರ?" ಎಂದು ಕೇಳಿದಾಗಲೇ ನನಗೆ ಹೊಳೆದದ್ದು. ಊರಿಗೆ ಫೋನು ಮಾಡಿದೆವು. ಟ್ರಂಕಿನಲ್ಲಿದ್ದ ಹಳೆಯ ಚೀಟಿಯ ಫೋಟೋ ಬಂತು. ಅದರಲ್ಲಿ ಊರಿನ ಡಾಕ್ಟರು ಅಂದೇ ಬರೆದಿದ್ದರು: ಬೆಲ್ಸ್ ಪಾಲ್ಸಿ. ಮುಖದ ಒಂದು ನರದ ದೌರ್ಬಲ್ಯ, ಅಷ್ಟೇ. ಮೆದುಳಿನ ಪಾರ್ಶ್ವವಾಯುವೇ ಬೇರೆ. ನಮ್ಮ ಕಡೆ ಮಾತ್ರ ಎರಡಕ್ಕೂ ಲಕ್ವಾ ಅಂತಲೇ ಹೆಸರು.

ಒಬ್ಬ ಮನುಷ್ಯ, ಒಂದು ಪದ, ನಾಲ್ಕು ದಿನ. ಇನ್ನು ಒಂದು ಇಡೀ ದೇಶದ ಆಸ್ಪತ್ರೆ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಒಂದೇ ಭಾಷೆಗೆ ಅನುವಾದ ಮಾಡಲು ಹೊರಟರೆ? ಹಾಗೆ ಹೊರಟವರಿದ್ದಾರೆ. ಅವರು ಅದನ್ನು ಹೇಗೆ ಮಾಡುತ್ತಾರೆ, ಅದರಿಂದ ನಮಗೇನು ಎಂಬುದೇ ಇವತ್ತಿನ ವಿಷಯ.

ಒಂದು ಗುಳಿಗೆಯಿಂದ ಶುರುವಾದದ್ದು

ಈ ಕೆಲಸದ ಹಿಂದೆ ಒಂದು ದುಃಖದ ಕಥೆಯಿದೆ. ರೋಫೆಕಾಕ್ಸಿಬ್ ಎಂಬ ನೋವಿನ ಗುಳಿಗೆ 1999ರಲ್ಲಿ ಅಮೆರಿಕದ ಪೇಟೆಗೆ ಬಂತು. ಅಲ್ಲಿ ಅದರ ಹೆಸರು ವಯಾಕ್ಸ್. ಸಂಧಿವಾತದವರು ಲಕ್ಷಗಟ್ಟಲೆ ಜನ ಅದನ್ನು ನುಂಗಿದರು. ದೀರ್ಘಕಾಲ ತೆಗೆದುಕೊಂಡವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚೆಂದು ಒಂದು ಪ್ರಯೋಗದಲ್ಲಿ ಕಂಡ ಮೇಲೆ 2004ರ ಸೆಪ್ಟೆಂಬರ್ 30ರಂದು ತಯಾರಿಸಿದ ಕಂಪನಿಯೇ ಅದನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಭಾರತವೂ ಅದನ್ನು ನಿಷೇಧಿಸಿತು.

ಆಗ ಎಲ್ಲರೂ ಕೇಳಿದ ಪ್ರಶ್ನೆ ಒಂದೇ. ಗುಳಿಗೆ ಬರೆದುಕೊಟ್ಟ ದಾಖಲೆ ಕ್ಲಿನಿಕ್ಕಿನಲ್ಲಿತ್ತು, ಹೃದಯಾಘಾತದ ದಾಖಲೆ ಆಸ್ಪತ್ರೆಯಲ್ಲಿತ್ತು, ಬಿಲ್ಲು ವಿಮಾ ಕಂಪನಿಯಲ್ಲಿತ್ತು. ಎಲ್ಲವನ್ನೂ ಕೂಡಿಸಿ ನೋಡಿದ್ದರೆ ಮೊದಲೇ ಗೊತ್ತಾಗುತ್ತಿರಲಿಲ್ಲವೇ?

ಕೂಡಿಸುವುದೇ ಕಷ್ಟವಾಗಿತ್ತು. ಒಂದು ಕಡೆ ಕಾಯಿಲೆಗೆ ಒಂದು ಸಂಕೇತ, ಇನ್ನೊಂದು ಕಡೆ ಬೇರೊಂದು. ಒಂದು ಕಡೆ ಔಷಧಿಯ ಬ್ರ್ಯಾಂಡ್ ಹೆಸರು, ಇನ್ನೊಂದು ಕಡೆ ರಾಸಾಯನಿಕ ಹೆಸರು. ಇದಕ್ಕೆ ದಾರಿ ಹುಡುಕಲು ಅಮೆರಿಕದಲ್ಲಿ ಔಷಧ ನಿಯಂತ್ರಣ ಸಂಸ್ಥೆ, ವಿಶ್ವವಿದ್ಯಾಲಯಗಳು ಮತ್ತು ಔಷಧ ಕಂಪನಿಗಳು ಸೇರಿ 2008ರ ಸುಮಾರಿಗೆ ಓಮಾಪ್ ಎಂಬ ಯೋಜನೆ ಆರಂಭಿಸಿದವು. ಐದು ವರ್ಷದ ನಂತರ ಆ ಯೋಜನೆ ಮುಗಿದರೂ ಅದು ರೂಪಿಸಿದ "ಸಾಮಾನ್ಯ ದತ್ತಾಂಶ ಮಾದರಿ" ಉಳಿಯಿತು. 2014ರಿಂದ ಅದನ್ನು ಆಡಿಸ್ಸಿ ಎಂಬ ಅಂತರರಾಷ್ಟ್ರೀಯ ಬಳಗ ಬೆಳೆಸುತ್ತಿದೆ. ಉಚ್ಚಾರದ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ: ಇದು ನಮ್ಮ ಒಡಿಸ್ಸಿ ನೃತ್ಯವಲ್ಲ, ಗ್ರೀಕ್ ಮಹಾಕಾವ್ಯದ ಹೆಸರನ್ನು ಹೇಳಿದ ಹಾಗೆ ಹೇಳಬೇಕು. ಇದರ ಸಮನ್ವಯ ಕೇಂದ್ರ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದೆ.

ಡಬ್ಬಿಗಳೂ ಚೀಟಿಗಳೂ

ಸಾಮಾನ್ಯ ದತ್ತಾಂಶ ಮಾದರಿ ಎಂದರೆ ಹೆದರಬೇಡಿ. ಅಡುಗೆಮನೆಯ ಸಾಲು ಡಬ್ಬಿಗಳನ್ನು ನೆನಪು ಮಾಡಿಕೊಳ್ಳಿ. ಅತ್ತೆಯ ಮನೆಯಲ್ಲಿ ಸಾಸಿವೆ ಹಾರ್ಲಿಕ್ಸ್ ಬಾಟಲಿಯಲ್ಲಿ, ಅಕ್ಕನ ಮನೆಯಲ್ಲಿ ಅದೇ ಸಾಸಿವೆ ಸ್ಟೀಲ್ ಡಬ್ಬಿಯಲ್ಲಿ. ಹೊಸಬರು ಅಡುಗೆಗೆ ನಿಂತರೆ ಒಂದೊಂದೇ ಮುಚ್ಚಳ ತೆಗೆದು ನೋಡಬೇಕು. ಎಲ್ಲ ಮನೆಯಲ್ಲೂ ಒಂದೇ ಥರದ ಡಬ್ಬಿ, ಒಂದೇ ಕ್ರಮ, ಒಂದೇ ಚೀಟಿ ಇದ್ದರೆ ಯಾರು ಬಂದರೂ ಒಗ್ಗರಣೆ ಹಾಕಬಹುದು.

ಓಮಾಪ್ ಮಾದರಿಯಲ್ಲಿಯೂ ಹೀಗೆಯೇ. ವ್ಯಕ್ತಿ, ಆಸ್ಪತ್ರೆಯ ಭೇಟಿ, ಕಾಯಿಲೆ, ಔಷಧಿ, ಚಿಕಿತ್ಸೆ, ಪರೀಕ್ಷೆಯ ಅಳತೆ, ಮರಣ ಎಂದು ಒಂದೊಂದಕ್ಕೂ ಒಂದೊಂದು ಕೋಷ್ಟಕ. ಇವು ಡಬ್ಬಿಗಳು. ಒಳಗಿನ ಪದಾರ್ಥಕ್ಕೆ ಅಂಟಿಸುವ ಚೀಟಿ ಕೂಡ ಎಲ್ಲೆಡೆ ಒಂದೇ. ಕಾಯಿಲೆಗಳಿಗೆ ಮುಖ್ಯವಾಗಿ ಸ್ನೋಮೆಡ್ ಎಂಬ ಪದಕೋಶ, ಔಷಧಿಗಳಿಗೆ ಆರ್‌ಎಕ್ಸ್‌ನಾರ್ಮ್, ಲ್ಯಾಬ್ ಪರೀಕ್ಷೆಗಳಿಗೆ ಲೋಯಿಂಕ್. ಪ್ರತಿಯೊಂದು ಪದಕ್ಕೂ ಒಂದು ಸಂಖ್ಯೆ.

ನಮ್ಮಲ್ಲಿ ಸಕ್ಕರೆ ಕಾಯಿಲೆ, ಮಧುಮೇಹ, ಸಿಹಿಮೂತ್ರ, ಶುಗರ್, ಡಯಾಬಿಟಿಸ್ ಎಂದು ಎಷ್ಟು ಹೆಸರು! ಆದರೆ ಟೈಪ್ 2 ಮಧುಮೇಹಕ್ಕೆ ಈ ಮಾದರಿಯಲ್ಲಿರುವುದು ಒಂದೇ ಸಂಖ್ಯೆ: 201826. ಸೋಲ್‌ನಲ್ಲಿಯೂ ಅದೇ, ಬಾರ್ಸಿಲೋನಾದಲ್ಲಿಯೂ ಅದೇ. ಇದೇ ರೀತಿ ನಮ್ಮ ಮನೆಮನೆಯ ಮೆಟ್‌ಫಾರ್ಮಿನ್ ಗುಳಿಗೆ ಯಾವ ಬಣ್ಣದ ಪಟ್ಟಿಯಲ್ಲಿ ಬಂದರೂ ಅದರ ಮೂಲ ಪದಾರ್ಥಕ್ಕೆ 1503297.

ಎಸ್ಟೋನಿಯಾ ಮಾಡಿದ ಕೆಲಸ

ಈಗ ಒಂದು ದೇಶದ ಉದಾಹರಣೆ ನೋಡೋಣ. ಬಾಲ್ಟಿಕ್ ಸಮುದ್ರದ ದಡದಲ್ಲಿರುವ ಎಸ್ಟೋನಿಯಾದ ಜನಸಂಖ್ಯೆ ಸುಮಾರು 13 ಲಕ್ಷ. ಮುಂಬಯಿಯ ಒಂದೆರಡು ಉಪನಗರಗಳಲ್ಲಿ ಅಷ್ಟು ಜನ ಸಿಗುತ್ತಾರೆ! ಆದರೆ ಗಣಕದ ವಿಷಯದಲ್ಲಿ ಈ ಪುಟ್ಟ ದೇಶ ಬಹಳ ಮುಂದೆ. ಅಲ್ಲಿ ಪ್ರತಿಯೊಬ್ಬರಿಗೂ 11 ಅಂಕಿಗಳ ಗುರುತಿನ ಸಂಖ್ಯೆಯಿದೆ. ರಾಷ್ಟ್ರೀಯ ಆರೋಗ್ಯ ಮಾಹಿತಿ ವ್ಯವಸ್ಥೆ 2008ರಲ್ಲಿ, ಡಿಜಿಟಲ್ ಔಷಧ ಚೀಟಿ 2010ರಲ್ಲಿ ಬಂದವು. ಅಲ್ಲಿನ ರೋಗಿ ತನ್ನ ದಾಖಲೆಯನ್ನು ತಾನೇ ತೆರೆದು ಓದಬಹುದು, ಯಾರು ನೋಡಿದ್ದಾರೆಂದು ಪರಿಶೀಲಿಸಬಹುದು.

ಇಷ್ಟೆಲ್ಲ ಇದ್ದರೂ ದಾಖಲೆಗಳೆಲ್ಲ ಒಂದೇ ಭಾಷೆಯಲ್ಲಿರಲಿಲ್ಲ. ಟಾರ್ಟು ವಿಶ್ವವಿದ್ಯಾಲಯದ ಸಂಶೋಧಕರು ಜನಸಂಖ್ಯೆಯ ಶೇಕಡಾ 10ರಷ್ಟು ಜನರನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಆರಿಸಿಕೊಂಡರು. ಒಟ್ಟು 1,50,824 ಮಂದಿ. 2012ರಿಂದ 2019ರವರೆಗಿನ ಅವರ ದಾಖಲೆಗಳನ್ನು ಹೆಸರು, ಗುರುತು ತೆಗೆದು ಓಮಾಪ್ ಮಾದರಿಗೆ ತಂದರು. ಆ ಅನುಭವವನ್ನು 2023ರಲ್ಲಿ ಪ್ರಕಟಿಸಿದರು.

ಮೂರು ಹೊಳೆಗಳ ನೀರು ಒಂದೇ ಕೆರೆಗೆ ಬರಬೇಕಿತ್ತು. ವಿಮಾ ನಿಧಿಗೆ ಹೋದ ಬಿಲ್ಲುಗಳು ಒಂದು, ಡಿಜಿಟಲ್ ಔಷಧ ಚೀಟಿಗಳು ಇನ್ನೊಂದು, ಡಾಕ್ಟರು ಬರೆದ ಡಿಸ್ಚಾರ್ಜ್ ಸಾರಾಂಶದಂಥ ದಾಖಲೆಗಳು ಮತ್ತೊಂದು. ಬಿಲ್ಲು ಮತ್ತು ಔಷಧ ಚೀಟಿಗಳಲ್ಲಿ ಸಂಕೇತಗಳಿದ್ದವು. ಕಾಯಿಲೆಗೆ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿ ಅಲ್ಲಿ ಬಳಕೆಯಲ್ಲಿದೆ. ಉದಾಹರಣೆಗೆ ಇ11 ಎಂದಿದ್ದರೆ ಟೈಪ್ 2 ಮಧುಮೇಹ. ಇಂಥದ್ದನ್ನು ಸ್ನೋಮೆಡ್‌ಗೆ ಜೋಡಿಸುವುದು ಸುಲಭ. ಡಾಕ್ಟರ ಬರಹ ಮಾತ್ರ ಎಸ್ಟೋನಿಯನ್ ಭಾಷೆಯ ಮುಕ್ತ ಪಠ್ಯ. ಆ ಭಾಷೆಯಲ್ಲಿ ವಿಭಕ್ತಿಗಳೇ 14! ನಮ್ಮ ಹಳೆಯ ವ್ಯಾಕರಣ ಪುಸ್ತಕದ ಏಳು ವಿಭಕ್ತಿಗಳನ್ನು ಬಾಯಿಪಾಠ ಮಾಡಲು ಒದ್ದಾಡಿದವರಿಗೆ ಇದರ ಸಂಕಟ ಗೊತ್ತಾದೀತು. ಒಂದೇ ಪದ ಹತ್ತು ರೂಪದಲ್ಲಿ ಬಂದರೆ ಯಂತ್ರಕ್ಕೆ ಗುರುತು ಹಿಡಿಯುವುದು ಸಲೀಸಲ್ಲ.

ಕೊನೆಗೆ 10 ಕೋಟಿಗೂ ಹೆಚ್ಚು ನಮೂದುಗಳು ಹೊಸ ಮಾದರಿಗೆ ಬಂದವು. ಸರಾಸರಿ ಶೇಕಡಾ 95ರಷ್ಟಕ್ಕೆ ಪ್ರಮಾಣಿತ ಪದ ಸಿಕ್ಕಿತು.

ಪರಿವರ್ತನೆ ನಡೆಯುವುದು ಹೇಗೆ?

ಯಾವ ದೇಶದಲ್ಲಾದರೂ ಹೆಜ್ಜೆಗಳು ಹೆಚ್ಚುಕಡಿಮೆ ಇವೇ. ಮೊದಲು ಹಳೆಯ ದತ್ತಾಂಶವನ್ನು ಪೂರ್ತಿ ಜಾಲಾಡಿ ಎಲ್ಲಿ ಏನಿದೆ, ಎಷ್ಟು ಖಾಲಿ ಇದೆ ಎಂದು ಪಟ್ಟಿ ಮಾಡುತ್ತಾರೆ. ಇದಕ್ಕೆ ಬಳಸುವ ತಂತ್ರಾಂಶದ ಹೆಸರು ವೈಟ್ ರ‍್ಯಾಬಿಟ್, ಅಂದರೆ ಬಿಳಿ ಮೊಲ. ಆಮೇಲೆ ಹಳೆಯ ಯಾವ ಅಂಕಣ ಹೊಸ ಯಾವ ಡಬ್ಬಿಗೆ ಹೋಗಬೇಕೆಂದು ನಕ್ಷೆ ಬರೆಯುತ್ತಾರೆ. ಆಮೇಲೆ ಪದಗಳ ಜೋಡಣೆ. ಇಲ್ಲಿ ಉಸಾಗಿ ಎಂಬ ತಂತ್ರಾಂಶ "ಈ ಪದಕ್ಕೆ ಇದು ಸರಿಹೊಂದಬಹುದು" ಎಂದು ಸೂಚಿಸುತ್ತದೆ. ಉಸಾಗಿ ಎಂದರೆ ಜಪಾನಿ ಭಾಷೆಯಲ್ಲಿ ಮೊಲ. ಈ ಬಳಗಕ್ಕೆ ಮೊಲವೆಂದರೆ ಬಲು ಪ್ರೀತಿ ಎಂದು ಕಾಣುತ್ತದೆ!

ಆದರೆ ತಂತ್ರಾಂಶ ಸೂಚಿಸುತ್ತದೆ, ಅಷ್ಟೇ. ಹೌದು ಎನ್ನಬೇಕಾದವರು ಆ ಭಾಷೆಯೂ ಆ ವೈದ್ಯವೂ ಗೊತ್ತಿರುವ ಮನುಷ್ಯರು. ಕೌಂಟರಿನಲ್ಲಿ ನಾನು ಮಾಡಿದ ತಪ್ಪು ನಡೆಯುವುದು ಇದೇ ಹೆಜ್ಜೆಯಲ್ಲಿ. ಲಕ್ವಾ ಎಂದರೆ ಸ್ಟ್ರೋಕ್ ಎಂದು ಒಮ್ಮೆ ಪಟ್ಟಿಯಲ್ಲಿ ಬರೆದುಬಿಟ್ಟರೆ ಮುಖ ಸೊಟ್ಟಗಾಗಿದ್ದ ಪ್ರತಿಯೊಬ್ಬರೂ ಮೆದುಳಿನ ರೋಗಿಗಳಾಗುತ್ತಾರೆ. ನನ್ನ ತಪ್ಪಿನಿಂದ ನಾಲ್ಕು ದಿನ ಹೋಯಿತು. ಅಲ್ಲಿನ ತಪ್ಪಿನಿಂದ ಒಂದು ಇಡೀ ಅಧ್ಯಯನವೇ ಸುಳ್ಳಾದೀತು.

ಅಳತೆಯ ಮಾನಗಳದ್ದು ಬೇರೆ ತಲೆನೋವು. ನಾವು ರಕ್ತದ ಸಕ್ಕರೆಯನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತೇವೆ. ಯುರೋಪಿನ ಹಲವು ದೇಶಗಳಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್. ನಮ್ಮ 126, ಅವರ 7. ಎರಡೂ ಒಂದೇ, ಸುಮಾರು 18ರಿಂದ ಗುಣಿಸಿದರೆ ಸರಿಹೋಗುತ್ತದೆ. ಆದರೆ ಮಾನ ಬರೆಯದೆ ಬರೀ 7 ಎಂದು ಬರೆದಿಟ್ಟಿದ್ದರೆ? ಅದು ಸಕ್ಕರೆಯೋ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಯೋ ಯಾರಿಗೆ ಗೊತ್ತು?

ಬಿಲ್ಲಿನಲ್ಲಿರುವ ಕಾಯಿಲೆಯನ್ನೂ ಪೂರ್ತಿ ನಂಬುವ ಹಾಗಿಲ್ಲ. ಕ್ಷಯ ಇದೆಯೋ ಇಲ್ಲವೋ ನೋಡಲು ಪರೀಕ್ಷೆ ಮಾಡಿಸಿದಾಗ ಬಿಲ್ಲಿನಲ್ಲಿ ಕ್ಷಯ ಎಂದೇ ಬಿದ್ದಿರಬಹುದು. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದರೂ ಬಿಲ್ಲಿನ ಸಾಲು ಅಲ್ಲೇ ಇರುತ್ತದೆ. ಅದಕ್ಕಾಗಿ ಒಂದೇ ನಮೂದನ್ನು ನಂಬದೆ, ಔಷಧಿಯನ್ನೂ ಕೊಂಡಿದ್ದಾರೆಯೇ, ಎರಡನೇ ಸಲವೂ ಅದೇ ಕಾಯಿಲೆ ದಾಖಲಾಗಿದೆಯೇ ಎಂದು ನೋಡುವುದು ಸಂಶೋಧಕರ ರೂಢಿ.

ಕೊನೆಯದು ತಪಾಸಣೆ. ಗಂಡಸಿಗೆ ಹೆರಿಗೆ, ಸತ್ತ ಮೇಲೆ ಆಸ್ಪತ್ರೆ ಭೇಟಿ, ಹುಟ್ಟುವ ಮೊದಲೇ ಔಷಧಿ! ಇಂಥವು ಪ್ರತಿ ದೇಶದ ದಾಖಲೆಯಲ್ಲೂ ಸಿಗುತ್ತವೆ. ಸಾವಿರಾರು ಇಂಥ ಪ್ರಶ್ನೆಗಳನ್ನು ಗಣಕವೇ ಕೇಳಿ ತಪ್ಪುಗಳ ಪಟ್ಟಿ ಕೊಡುತ್ತದೆ.

ಸೊನ್ನೆಯ ಪ್ರಾಮಾಣಿಕತೆ

ಇಷ್ಟು ಓದುವಾಗ ನನಗೆ ತುಂಬಾ ಹಿಡಿಸಿದ್ದು ಎರಡು ಸಣ್ಣ ನಿಯಮಗಳು. ಅನುವಾದ ಮಾಡುವ ಯಾರಿಗಾದರೂ ಇವು ಹಿಡಿಸಬೇಕು.

ಮೊದಲನೆಯದು, ಯಾವ ಪದಕ್ಕೆ ಸರಿಯಾದ ಜೋಡಿ ಸಿಗಲಿಲ್ಲವೋ ಅದರ ಮುಂದೆ ಸೊನ್ನೆ ಬರೆಯಬೇಕು. ಹತ್ತಿರದ್ದೊಂದನ್ನು ಅಂದಾಜಿನಲ್ಲಿ ಅಂಟಿಸಬಾರದು. ಗೊತ್ತಿಲ್ಲ ಎನ್ನುವುದಕ್ಕೂ ಒಂದು ಜಾಗ ಇಟ್ಟಿದ್ದಾರೆ.

ಎರಡನೆಯದು, ಹೊಸ ಸಂಖ್ಯೆಯ ಪಕ್ಕದಲ್ಲೇ ಮೂಲ ದಾಖಲೆಯಲ್ಲಿದ್ದ ಪದ ಅಥವಾ ಸಂಕೇತವನ್ನು ಇದ್ದ ಹಾಗೆಯೇ ಉಳಿಸಲು ಒಂದು ಅಂಕಣವಿದೆ. ನಾಳೆ ಜೋಡಣೆ ತಪ್ಪೆಂದು ಕಂಡರೆ ಮೂಲ ನೋಡಿ ತಿದ್ದಬಹುದು. ಕಾಕಾನ ಟ್ರಂಕಿನಲ್ಲಿದ್ದ ಚೀಟಿ ಮಾಡಿದ ಕೆಲಸವೂ ಇದೇ ಅಲ್ಲವೇ? ಆ ಚೀಟಿ ಕಳೆದಿದ್ದರೆ ಅವರು ಕಂಪ್ಯೂಟರಿನ ಲೆಕ್ಕದಲ್ಲಿ ಜೀವನಪೂರ್ತಿ ಸ್ಟ್ರೋಕ್ ಆದವರೇ.

ಪ್ರಶ್ನೆ ಪ್ರಯಾಣಿಸುತ್ತದೆ, ದಾಖಲೆಯಲ್ಲ

"ಹಾಗಾದರೆ ನಮ್ಮ ರಿಪೋರ್ಟುಗಳೆಲ್ಲ ಯಾವುದೋ ದೇಶಕ್ಕೆ ಹೋಗುತ್ತವಾ?" ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ.

ಇಲ್ಲಿಯೇ ಒಂದೇ ಥರದ ಡಬ್ಬಿಗಳ ಲಾಭ ಇರುವುದು. ಎಲ್ಲ ಕಡೆ ರಚನೆ ಒಂದೇ ಆದ್ದರಿಂದ ದಾಖಲೆಗಳನ್ನು ಒಂದೆಡೆ ಗುಡ್ಡೆ ಹಾಕಬೇಕಿಲ್ಲ. ಸಂಶೋಧಕರು ತಮ್ಮ ಪ್ರಶ್ನೆಯನ್ನು ಒಂದು ಪ್ರೋಗ್ರಾಂ ಆಗಿ ಬರೆದು ಪ್ರತಿ ಸಂಸ್ಥೆಗೆ ಕಳಿಸುತ್ತಾರೆ. ಅದು ಅಲ್ಲಿನ ಕಂಪ್ಯೂಟರಿನಲ್ಲೇ ಓಡುತ್ತದೆ. ಹೊರಗೆ ಬರುವುದು ಒಟ್ಟು ಲೆಕ್ಕ ಮಾತ್ರ. ಅದರಲ್ಲಿಯೂ ಐದಕ್ಕಿಂತ ಕಡಿಮೆ ಜನರಿರುವ ಗುಂಪಿನ ಸಂಖ್ಯೆಯನ್ನು ಸಾಮಾನ್ಯವಾಗಿ ಮರೆಮಾಡುತ್ತಾರೆ. ಯಾಕೆಂದರೆ ಒಂದು ಊರಿನಲ್ಲಿ ಒಬ್ಬರಿಗೇ ಇರುವ ಅಪರೂಪದ ಕಾಯಿಲೆಯಾದರೆ, ಹೆಸರು ಹೇಳದಿದ್ದರೂ ಊರಿಗೆಲ್ಲ ಗೊತ್ತಾಗಿಬಿಡುತ್ತದೆ.

ಇದರ ಬಲ ಕಂಡದ್ದು 2020ರ ಕೊರೊನಾ ಕಾಲದಲ್ಲಿ. ಹೈಡ್ರಾಕ್ಸಿಕ್ಲೋರೊಕ್ವಿನ್ ಗುಳಿಗೆಗಾಗಿ ಔಷಧಿ ಅಂಗಡಿಗಳ ಮುಂದೆ ಜನ ನಿಂತದ್ದು ನಿಮಗೆ ನೆನಪಿರಬೇಕು. ಸಂಧಿವಾತದವರು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದ ಗುಳಿಗೆ ಅದು. ಆ ವರ್ಷ ಮಾರ್ಚ್ ಕೊನೆಯಲ್ಲಿ ಆಡಿಸ್ಸಿ ಬಳಗದವರು ನಾಲ್ಕು ದಿನ ಆನ್‌ಲೈನಿನಲ್ಲಿ ಕೂತು ಕೊರೊನಾ ಕುರಿತ ಅಧ್ಯಯನಗಳನ್ನು ರೂಪಿಸಿದರು. ಅವುಗಳಲ್ಲಿ ಒಂದು ಈ ಗುಳಿಗೆಯ ಸುರಕ್ಷತೆಯ ಬಗ್ಗೆ. ಆರು ದೇಶಗಳ 14 ದತ್ತಾಂಶ ಮೂಲಗಳು, ಗುಳಿಗೆ ತೆಗೆದುಕೊಂಡ 9.5 ಲಕ್ಷಕ್ಕೂ ಹೆಚ್ಚು ಸಂಧಿವಾತದ ರೋಗಿಗಳು. ಅಲ್ಪಾವಧಿಗೆ ಅದೊಂದನ್ನೇ ತೆಗೆದುಕೊಂಡವರಲ್ಲಿ ಹೆಚ್ಚಿನ ಅಪಾಯ ಕಾಣಲಿಲ್ಲ. ಅಜಿತ್ರೊಮೈಸಿನ್ ಜೊತೆ ಸೇರಿಸಿ ತೆಗೆದುಕೊಂಡವರಲ್ಲಿ ಹೃದಯ ವೈಫಲ್ಯ ಮತ್ತು ಹೃದಯ ಸಂಬಂಧಿ ಸಾವಿನ ಅಪಾಯ ಹೆಚ್ಚಾಗಿ ಕಂಡಿತು.

ಅದೇ ಕಾಲದಲ್ಲಿ ಇನ್ನೊಂದು ಘಟನೆಯೂ ನಡೆಯಿತು. 2020ರ ಮೇ 22ರಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದೇ ಗುಳಿಗೆ ಬಗ್ಗೆ ಒಂದು ಪ್ರಬಂಧ ಬಂತು. ಆರು ಖಂಡಗಳ 671 ಆಸ್ಪತ್ರೆಗಳ 96,032 ರೋಗಿಗಳ ದತ್ತಾಂಶ ಎಂದು ಅದರಲ್ಲಿ ಹೇಳಿತ್ತು. ವಿಶ್ವ ಆರೋಗ್ಯ ಸಂಸ್ಥೆ ಆ ಗುಳಿಗೆಯ ಪ್ರಯೋಗವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. ಆದರೆ ಆ ದತ್ತಾಂಶ ತೋರಿಸಿ ಎಂದಾಗ ಅದನ್ನು ಒದಗಿಸಿದ್ದ ಕಂಪನಿ ಸ್ವತಂತ್ರ ಪರಿಶೀಲನೆಗೆ ಕೊಡಲಿಲ್ಲ. ಜೂನ್ 4ರಂದು ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ದೊಡ್ಡ ಸಂಖ್ಯೆ ಯಾರು ಬೇಕಾದರೂ ಹೇಳಬಹುದು. ಮೂಲ ಎಲ್ಲಿದೆ, ಯಾವ ಪದ ಯಾವುದಾಯಿತು ಎಂದು ತೋರಿಸಬಲ್ಲವರ ಲೆಕ್ಕಕ್ಕೆ ಮಾತ್ರ ಬೆಲೆ.

ನಮ್ಮ ದೇಶದಲ್ಲಿ?

ಇನ್ನು ನಮ್ಮ ಕಡೆಗೆ ಬರೋಣ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭವಾಯಿತು. ಅದರಲ್ಲಿ ಸಿಗುವ 14 ಅಂಕಿಗಳ ಆಭಾ ಸಂಖ್ಯೆ ನಿಮ್ಮಲ್ಲೂ ಹಲವರ ಹತ್ತಿರ ಇರಬಹುದು. ಸ್ನೋಮೆಡ್ ಬಳಸಲು ಭಾರತ 2014ರಲ್ಲೇ ಸದಸ್ಯನಾಗಿದೆ. ಇದನ್ನು ನೋಡಿಕೊಳ್ಳುವ ರಾಷ್ಟ್ರೀಯ ಕೇಂದ್ರ ಪುಣೆಯ ಸಿ-ಡ್ಯಾಕ್‌ನಲ್ಲಿದೆ. ಪುಣೆಯ ಕೇಳುಗರು ಹೆಮ್ಮೆಪಡಬಹುದು!

ಒಂದು ವ್ಯತ್ಯಾಸ ನೆನಪಿಡಿ. ಡಿಜಿಟಲ್ ಮಿಷನ್ನಿನಲ್ಲಿ ಬಳಸುವ ಎಫ್‌ಎಚ್‌ಐಆರ್ ಎಂಬ ಕ್ರಮ ಅಂಚೆಯ ಹಾಗೆ. ನಿಮ್ಮ ರಿಪೋರ್ಟು ನಿಮ್ಮ ಒಪ್ಪಿಗೆಯ ಮೇಲೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗಲು ಅದು ಬೇಕು. ಸಾಮಾನ್ಯ ದತ್ತಾಂಶ ಮಾದರಿ ಜನಗಣತಿಯ ಪಟ್ಟಿಯ ಹಾಗೆ. ಯಾವ ಔಷಧಿಯಿಂದ ಎಷ್ಟು ಜನರಿಗೆ ಏನಾಯಿತು ಎಂದು ತಿಳಿಯಲು ಇದು ಬೇಕು. ಅಂಚೆ ಇದ್ದ ಮಾತ್ರಕ್ಕೆ ಜನಗಣತಿ ಆಗುವುದಿಲ್ಲ.

ಅಪಾಯಗಳಿಲ್ಲವೇ? ಇವೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿ ನಡೆದಾಗ ಹಲವು ದಿನ ಅಲ್ಲಿನ ಕೆಲಸ ಕೈಬರಹದಲ್ಲೇ ಸಾಗಬೇಕಾಯಿತು. ಖಾಸಗಿ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾನೂನು ಬಂದಿದೆ. ಕಾನೂನಿನ ಜೊತೆ ಎಚ್ಚರವೂ ಬೇಕು.

ಎಸ್ಟೋನಿಯಾಕ್ಕೆ ಇದ್ದದ್ದು ಮುಖ್ಯವಾಗಿ ಒಂದು ಭಾಷೆ. ನಮ್ಮ ರೋಗಿ ಕನ್ನಡದಲ್ಲಿ ಹೇಳುತ್ತಾನೆ, ನರ್ಸ್ ಮಲಯಾಳಂನಲ್ಲಿ ಯೋಚಿಸುತ್ತಾಳೆ, ಕೌಂಟರಿನವರು ಹಿಂದಿಯಲ್ಲಿ ಕೇಳುತ್ತಾರೆ, ಡಾಕ್ಟರು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಎಷ್ಟು ಅನುವಾದ, ಎಷ್ಟು ಲಕ್ವಾ! ದೂರದ ಊರಿನಲ್ಲಿರುವ ನಾವು ಬಂದ ನೆಂಟರ ಜೊತೆ ಆಸ್ಪತ್ರೆಗೆ ಹೋದಾಗ ಆ ದೊಡ್ಡ ಸರಪಳಿಯ ಮೊದಲ ಕೊಂಡಿ ನಾವೇ.

ಹಾಗಾಗಿ ಮುಂದಿನ ಸಲ ಹೋಗುವಾಗ ಇಷ್ಟು ಮಾಡಿ. ಹಳೆಯ ಚೀಟಿ, ಡಿಸ್ಚಾರ್ಜ್ ಪತ್ರಗಳನ್ನು ಎಸೆಯಬೇಡಿ, ಫೋಟೋ ತೆಗೆದಿಡಿ. ರಿಪೋರ್ಟಿನಲ್ಲಿ ಸಂಖ್ಯೆಯ ಜೊತೆ ಮಾನವೂ ದಿನಾಂಕವೂ ಇವೆಯೇ ನೋಡಿ. ಗುಳಿಗೆಯ ಬ್ರ್ಯಾಂಡ್ ಹೆಸರಿನ ಜೊತೆ ಮೂಲ ಪದಾರ್ಥದ ಹೆಸರನ್ನೂ ಬರೆದಿಟ್ಟುಕೊಳ್ಳಿ. ಹಿರಿಯರು ಊರಿನ ಪದ ಹೇಳಿದಾಗ ಥಟ್ಟನೆ ಇಂಗ್ಲಿಷಿಗೆ ತಿರುಗಿಸಬೇಡಿ. ಏನಾಗಿತ್ತು, ಎಲ್ಲಿ ನೋವಿತ್ತು, ಎಷ್ಟು ದಿನ ಇತ್ತು ಎಂದು ಕೇಳಿ, ಅದನ್ನೇ ಡಾಕ್ಟರಿಗೆ ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಸೊನ್ನೆಗೂ ಮರ್ಯಾದೆ ಇದೆ.

ಅಂದಹಾಗೆ, ಕಾಕಾನ ಆಪರೇಷನ್ ಚೆನ್ನಾಗಿಯೇ ಆಯಿತು. ಊರಿಗೆ ಹೊರಡುವ ಮುನ್ನ ನಾನು ಕೌಂಟರಿಗೆ ಹೋಗಿ ಆ "ಸ್ಟ್ರೋಕ್" ಸಾಲನ್ನು ತಿದ್ದಿಸಿಕೊಂಡು ಬಂದೆ. ಅರ್ಧ ಗಂಟೆ ಸಾಲಿನಲ್ಲಿ ನಿಲ್ಲಬೇಕಾಯಿತು. ತಪ್ಪು ಮಾಡಿದ್ದು ನಾನು, ನಿಲ್ಲಬೇಕಾದ್ದೂ ನಾನೇ.

ನಿಮ್ಮ ಊರಿನಲ್ಲಿ ಕಾಯಿಲೆಗಳಿಗೆ ಯಾವ ಯಾವ ಹೆಸರಿವೆ, ಅದರಿಂದ ಎಲ್ಲಿ ಗೊಂದಲವಾಗಿತ್ತು ಎಂದು ಬರೆದು ಕಳಿಸಿ. ಕಾರ್ಯಕ್ರಮದಲ್ಲಿ ಓದೋಣ. ಅಲ್ಲಿಯವರೆಗೆ ಆರೋಗ್ಯವಾಗಿರಿ, ಕೇಳುತ್ತಿರಿ.